ಬಚ್ಚಣ್ಣನ ಸದ್ದಿಲ್ಲದ ದೋಣಿ

ಜಿತೇಂದ್ರ ಆ ಹೊಸ ಇಂಜಿನನ್ನು ಮುಟ್ಟಿದ್ದು ಒಂದೇ ಸಲ. ಅದೂ ಅಂಗೈಯಿಂದಲ್ಲ. ಮಕ್ಕಳಿಗೆ ಜ್ವರ ಉಂಟೋ ಎಂದು ನೋಡುವಾಗ ಕೈಯ ಹಿಂಬದಿಯನ್ನು ಹಣೆಗೆ ತಾಗಿಸುತ್ತಾರಲ್ಲ, ಹಾಗೆ. ತಾಗಿಸಿ, ಕೈ ಹಿಂದಕ್ಕೆಳೆದುಕೊಂಡು ತಲೆ ಎತ್ತಿದರೆ ಎದುರಿಗೆ ಪ್ರೇಮಾನಂದ ನಿಂತಿದ್ದ. ಪ್ರೇಮಾನಂದನ ಕಣ್ಣಿಗೆ ಬಿದ್ದದ್ದೂ ಒಂದೇ, ದಂಡೆಯಲ್ಲಿ ಮೈಕು ಕಟ್ಟಿ ಕೂಗಿಸಿದ್ದೂ ಒಂದೇ.

ಬಿಜೂರಿನ ಕಡೆಯಿಂದ ಹೈವೇ ದಾಟಿ ಪಡುವಣಕ್ಕೆ ಇಳಿದರೆ ಸಿಗುವ ಆ ದಂಡೆಯಲ್ಲಿ ಇರುವುದೆಲ್ಲ ನಾಡದೋಣಿಗಳು. ದೋಣಿಯ ಹಿಂದೆ ಸೀಮೆಎಣ್ಣೆ ಇಂಜಿನ್. ಇಂಜಿನ್ ಕೆಟ್ಟರೆ ಗಾಳಿಮರಗಳ ಅಡಿಯಲ್ಲಿ ಜಿತೇಂದ್ರನ ರಿಪೇರಿ ಶೆಡ್ಡು. ಶೆಡ್ಡಿನ ಪಕ್ಕದಲ್ಲೇ ಪ್ರೇಮಾನಂದನ ಚಾ ಅಂಗಡಿ. ಚಾದ ಜತೆಗೆ ಪ್ರೇಮಾನಂದನಿಗೆ ಇನ್ನೊಂದು ಕೆಲಸವೂ ಇತ್ತು. ಬೇರೆಯವರು ತಂತಮ್ಮ ಎಣ್ಣೆ ತಾವೇ ತಂದುಕೊಂಡರೆ, ಸೊಂಟನೋವಿನ ಬಚ್ಚಣ್ಣನ ದೋಣಿಗೆ ಮಾತ್ರ ಕ್ಯಾನುಗಳನ್ನು ತನ್ನ ಗೂಡ್ಸ್ ರಿಕ್ಷಾದಲ್ಲಿ ಇವನು ತಂದುಕೊಡುತ್ತಿದ್ದ. ಉಳಿದ ಹೊತ್ತಿನಲ್ಲಿ ಯಾರು ಎಲ್ಲಿಗೆ ಹೋದರು, ಯಾಕೆ ಹೋದರು ಎಂದು ವಿಚಾರಿಸುತ್ತಿದ್ದ. ಅದಕ್ಕೆ ಸಂಬಳ ಇರಲಿಲ್ಲ, ಪ್ರೀತಿಯಿಂದ ಮಾಡುತ್ತಿದ್ದ.

ಇಂಥ ಕಡೆಗೆ ಯಾವುದೋ ಸಂಸ್ಥೆಯಿಂದ ಸ್ವಾತಿ ಮೇಡಂ ಬಂದರು. ಮೀನು ಹರಾಜಾಗುವ ಕಟ್ಟೆಯ ಮಾಡಿನ ಮೇಲೆ ಸೋಲಾರ್ ಹಲಗೆ ಕೂರಿಸಿದರು. ಬಿಸಿಲಿನಲ್ಲಿ ಚಾರ್ಜ್ ಆಗುವ ಬ್ಯಾಟರಿ ಇಂಜಿನ್ ಒಂದನ್ನು ಬಚ್ಚಣ್ಣನ ದೋಣಿಗೆ ಪರೀಕ್ಷೆಗೆಂದು ಕೊಟ್ಟು, ನಡೆಸುವುದನ್ನೂ ಕಲಿಸಿದರು. ಸಭೆ ಕರೆದು ಹೇಳಿದರು: “ಎಣ್ಣೆ ಬಿಟ್ಟು ಬಿಸಿಲಿಗೆ ಹೋಗುವಾಗ ಎಣ್ಣೆಯನ್ನೇ ನಂಬಿದವರನ್ನು ನಡುನೀರಿನಲ್ಲಿ ಕೈಬಿಡಬಾರದು. ಅದು ನ್ಯಾಯವಲ್ಲ. ಬ್ಯಾಟರಿಯಿಂದ ಯಾರ ಕೆಲಸ ಹೋಗುತ್ತದೋ ಅವರಿಗೇ ಹೊಸ ಇಂಜಿನ್ನಿನ ತರಬೇತಿ, ಆಮೇಲೆ ಖಾಯಂ ಕೆಲಸ. ಈ ದಂಡೆಗೆ ಒಂದು ಸೀಟು. ಪರೀಕ್ಷೆ ಪಾಸಾದ ದಿವಸವೇ ಯಾರಿಗೆಂದು ತೀರ್ಮಾನ.”

ಸಭೆಯಲ್ಲಿದ್ದವರೆಲ್ಲ ತಿರುಗಿ ಜಿತೇಂದ್ರನನ್ನು ನೋಡಿದರು. ಜಿತೇಂದ್ರ ನಾಚಿ ನೆಲ ನೋಡಿದ. ಅವನು ಮನಸ್ಸಿನಲ್ಲಿ ಆಗಲೇ ಜೇಬಿನ ಮೇಲೆ ಹೆಸರು ಹೊಲಿದ ನೀಲಿ ಅಂಗಿ ಹಾಕಿಕೊಂಡಾಗಿತ್ತು. ಆ ಬ್ಯಾಟರಿ ಇಂಜಿನ್ ಒಮ್ಮೆ ಚೆನ್ನಾಗಿ ಓಡಿ ದಡ ಸೇರಲಿ ಎಂದು ಅವನು ಹೊತ್ತಷ್ಟು ಹರಕೆಯನ್ನು ಸ್ವತಃ ಬಚ್ಚಣ್ಣನೂ ಹೊತ್ತಿರಲಿಲ್ಲ.

ಆದರೆ ಪರೀಕ್ಷೆಯ ದಿನ ಬೆಳಿಗ್ಗೆ ಚಾಕ್ಕೆ ಹೋದರೆ ಪ್ರೇಮಾನಂದ ಲೋಟ ಇಡುತ್ತಲೇ ಶುರುಮಾಡಿದ.

“ಹ್ವಾಯ್ ಜಿತಣ್ಣ, ನಿನ್ನೆ ಅದ್ಕೆ ಜ್ವರ ಇದ್ದಿತ್ತಾ?”

“ಎಂತ ಜ್ವರ? ಬಿಸಿ ಆತ್ತಾ ಅಂದೇಳಿ ಕಂಡದ್ದ್ ಮಾರಾಯಾ.”

“ಹೌದಾ? ನೀನ್ ಮುಟ್ಟದ್ದ್ ನಾನ್ ಕಂಡಿದೆ. ಬಿಟ್ಟದ್ದ್ ಕಾಣ್ಲಿಲ್ಲೆ ಕಾಣ್.”

ಬೆಂಚಿನ ಮೇಲಿದ್ದವರ ಲೋಟಗಳೆಲ್ಲ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತವು. ಅಲ್ಲೇ ಕುಳಿತಿದ್ದ ನಾಗ, ತನ್ನ ಇಂಜಿನನ್ನು ಜಿತೇಂದ್ರನ ಶೆಡ್ಡಿನಲ್ಲಿ ರಿಪೇರಿಗೆ ಬಿಟ್ಟವನು, ಮೆಲ್ಲಗೆ ಹೇಳಿದ: “ಅಲ್ಲ ಜಿತಣ್ಣ, ಬ್ಯಾಟ್ರಿ ಓಡ್ರೆ ನಿನ್ ಶೆಡ್ಡ್ ಬಂದ್ ಅಲ್ದಾ? ಅದ್ ಓಡ್ಕ್ ಅಂಬ ಆಸೆ ನಿಂಗೆಂತಕೆ ಇಪ್ದ್?”

“ಅದ್ ಓಡ್ರೇ ನಂಗೆ ಸೀಟ್!” ಎಂದ ಜಿತೇಂದ್ರ. ಸ್ವಲ್ಪ ಜೋರಾಗಿಯೇ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಆ ಲೆಕ್ಕದಲ್ಲಿ ಅವನ ಜೋರೇ ಅವನಿಗೆ ಮುಳುವಾಯಿತು.

ಶೆಡ್ಡಿಗೆ ಬಂದು ಯೋಚಿಸಿದ. ಈ ದಂಡೆಯವರು ಅವನಿಗೆ ಗೊತ್ತಿಲ್ಲವೇ? ಇವತ್ತು ಬ್ಯಾಟರಿ ಒಮ್ಮೆ ಸೀನಿದರೂ ಅದಕ್ಕೆ ಮೂಗುಪುಡಿ ಹಾಕಿದವನು ಜಿತೇಂದ್ರ ಎನ್ನುತ್ತಾರೆ. ಸ್ಪ್ಯಾನರು ಕೈಯಲ್ಲಿರುವ ಮನುಷ್ಯ ದಂಡೆಯಲ್ಲಿದ್ದರೆ ತಾನೇ ಅನುಮಾನ? ಮನುಷ್ಯನೂ ಇಲ್ಲ, ಸ್ಪ್ಯಾನರೂ ಇಲ್ಲ ಎಂದಾದರೆ ಯಾರು ಏನು ಹೇಳಿಯಾರು? ಹಾಗೆಂದು ಪ್ಲಗ್ ಸ್ಪ್ಯಾನರಿನಿಂದ ಹಿಡಿದು ಸುತ್ತಿಗೆಯವರೆಗೆ ಎಲ್ಲವನ್ನೂ ಒಂದು ಬಟ್ಟೆ ಚೀಲಕ್ಕೆ ತುಂಬಿ ಹೆಗಲಿಗೇರಿಸಿದ.

ಮೀನು ಬುಟ್ಟಿ ಹಿಡಿದು ಹೊರಟಿದ್ದ ಹೆಂಡತಿ ಜಲಜ ಅಂಗಳದಲ್ಲೇ ಅಡ್ಡ ಬಂದಳು. “ಊರ್ ಊರೇ ದಂಡೆಗ್ ಬಪ್ಪ ಹೊತ್ತಿಗೆ ನೀವ್ ಎಲ್ಲಿಗ್ ಹೋಪ್ದ್?”

“ಕೋಟೇಶ್ವರಕ್ಕೆ. ಅಕ್ಕನ ಮನಿಗೆ.”

“ಚೌತಿಗೆ ಕರ್ದ್ರೂ ಹೋಪವ್ರಲ್ಲ. ಇವತ್ತೆಂತ ಅಕ್ಕನ ನೆನಪ್?”

ಜಿತೇಂದ್ರ ಬಸ್ಸಿಗೆ ಓಡಿದ. ಬಸ್ಸಿನಲ್ಲಿ ಕಂಡಕ್ಟರ್ ಚೀಲ ಒದ್ದು ನೋಡಿ, ಒಳಗೆ ಏನೆಂದು ಕೇಳಿದ. ಬಟ್ಟೆ ಎಂದ ಜಿತೇಂದ್ರ. ಹೈವೇಯ ಪ್ರತಿ ಗುಂಡಿಗೂ ಆ ಬಟ್ಟೆ ಠಣ್ ಠಣ್ ಎಂದಿತು. ಕೋಟೇಶ್ವರ ಬರುವಷ್ಟರಲ್ಲಿ ಅಕ್ಕಪಕ್ಕದ ಸೀಟಿನವರು ತಂತಮ್ಮ ಚೀಲಗಳನ್ನು ಮಡಿಲಿಗೆ ಎಳೆದುಕೊಂಡಿದ್ದರು.

ಅಕ್ಕ ಹರಿಣಾಕ್ಷಿ ತಮ್ಮನನ್ನು ಕಂಡು ಸಂತೋಷಪಟ್ಟಳು. ಆ ಸಂತೋಷ ಅವನು ಬಾಯಿ ತೆರೆಯುವವರೆಗೆ ಇತ್ತು.

“ಅಕ್ಕ, ಈ ಚೀಲ ಇಲ್ಲಿರ್ಲಿ. ಯಾರಾರೂ ಕೇಂಡ್ರೆ ನಿನ್ನೆಯಿಂದ್ಲೇ ಇಲ್ಲಿತ್ತ್ ಅಂದೇಳಿ ಹೇಳ್.”

ಹರಿಣಾಕ್ಷಿ ಚೀಲ ನೋಡಿದಳು, ತಮ್ಮನನ್ನು ನೋಡಿದಳು. “ಯಾರದ್ದ್ ಕದ್ಕಂಡ್ ಬಂದದ್ದ್?”

“ನಂದೇ ಅಕ್ಕ!”

“ನಿನ್ ಚೀಲ ನೀನೇ ಅಡ್ಗಿಸ್ತ್ಯಾ? ನಂಗೆಂತ ಮಂಡೆ ಸಮ ಇಲ್ಲೆ ಅಂದ್ಕಂಡ್ಯಾ?”

ಅವನು ಕೈಕಾಲು ತೊಳೆಯಲು ಬಾವಿಕಟ್ಟೆಗೆ ಹೋದದ್ದೇ ತಡ, ಅಕ್ಕ ಚೀಲವನ್ನು ಕಪಾಟಿಗೆ ತಳ್ಳಿ ಬೀಗ ಹಾಕಿ ಜಲಜಳಿಗೆ ಫೋನ್ ಮಾಡಿದಳು. ಜಲಜ ಆಗ ಪ್ರೇಮಾನಂದನ ಅಂಗಡಿಯ ಬೆಂಚಿನಲ್ಲಿ ಮೀನು ಮಾರುವ ಹೆಂಗಸರ ನಡುವೆ ಇದ್ದಳು. ಕೈಯೆಲ್ಲ ಮೀನಿನ ನೀರು. ಅದಕ್ಕೆ ಸ್ಪೀಕರ್ ಹಾಕಿ ಬೆಂಚಿನ ಮೇಲೆ ಇಟ್ಟಿದ್ದಳು. “ನಿನ್ ಗಂಡ ಎಂತದೋ ತಂದ್ ಇಲ್ಲಿ ಅಡ್ಗಿಸಿ ಇಟ್ಟಿದ, ಕಬ್ಣದ್ದ್” ಎಂಬ ಹರಿಣಾಕ್ಷಿಯ ಗುಟ್ಟಿನ ಮಾತನ್ನು ಅರ್ಧ ದಂಡೆ ಕೇಳಿತು. ಉಳಿದರ್ಧಕ್ಕೆ ಪ್ರೇಮಾನಂದ ಹೇಳಿದ.

ಜಿತೇಂದ್ರ ಮುಖ ಒರೆಸಿಕೊಳ್ಳುವಷ್ಟರಲ್ಲಿ ಜಲಜಳ ಫೋನ್ ಬಂತು. “ಇಂಜಿನಿಂದೆಂತದೋ ಬಿಚ್ಚ್ಕಂಡ್ ಹೋಯ್ದ್ರಿ ಅಂಬ್ರ್. ನಂಗೆ ಮರ್ವಾದಿ ಬೇಡ್ದಾ? ಈಗ್ಳೇ ಬನಿ!”

ಈಗ ಚೀಲ ತೆಗೆದುಕೊಂಡು ಹೋದರೆ ಕಳವಿನ ಮಾಲು ಸಮೇತ ಬಂದ ಹಾಗೆ. ಹೋಗದೆ ಕುಳಿತರೆ ತಲೆ ತಪ್ಪಿಸಿಕೊಂಡ ಹಾಗೆ. ಹಾಳಾಗಲಿ ಎಂದು ಬರಿಗೈಯಲ್ಲಿ ವಾಪಸು ಬಸ್ಸು ಹತ್ತಿದ. ಬಸ್ಸಿನುದ್ದಕ್ಕೂ ತನ್ನ ನಿರಪರಾಧವನ್ನು ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿದ. ಪ್ರತಿ ಸಲವೂ ಅವನಿಗೇ ತನ್ನ ಮೇಲೆ ಸ್ವಲ್ಪ ಅನುಮಾನ ಬಂತು.

ದಂಡೆಯಲ್ಲಿ ಜನ ಕೈಯನ್ನು ಹಣೆಗೆ ಅಡ್ಡ ಹಿಡಿದು ಕಡಲನ್ನು ನೋಡುತ್ತಿದ್ದರು. ಬಚ್ಚಣ್ಣನ ದೋಣಿ ಬೆಳಿಗ್ಗೆ ಗರ್ನಾಲು ಪಟಾಕಿಯ ಸದ್ದು, ದೋಣಿ ದೂಡುವವರ ಬೊಬ್ಬೆಯ ನಡುವೆ ನೀರಿಗಿಳಿದು ಹೋಗಿತ್ತು. ಸ್ವಾತಿ ಮೇಡಂ ಅದನ್ನು ಕಳಿಸಿಕೊಟ್ಟು, ಯಾವುದೋ ಮೀಟಿಂಗಿಗೆಂದು ಬೈಂದೂರಿಗೆ ಹೋಗಿದ್ದರು. ದೋಣಿ ಈಗ ದೂರದಲ್ಲಿ ಎಳ್ಳಿನ ಹಾಗೆ ಕಾಣುತ್ತಿತ್ತು. ಅಲುಗುತ್ತಿರಲಿಲ್ಲ. ಸದ್ದಂತೂ ಇಲ್ಲವೇ ಇಲ್ಲ.

ಸದ್ದೆಂದರೆ ಆ ದಂಡೆಯಲ್ಲಿ ಸಣ್ಣ ಸಂಗತಿಯಲ್ಲ. ಅಲ್ಲಿನ ಹೆಂಗಸರು ದೋಣಿ ಬರುವುದನ್ನು ಕಣ್ಣಿನಿಂದ ಕಾಯುವುದಿಲ್ಲ, ಕಿವಿಯಿಂದ ಕಾಯುತ್ತಾರೆ. ಕಡಲಿಗೆ ಬೆನ್ನು ಹಾಕಿ ಚಾ ಕುಡಿಯುತ್ತಲೇ ಇದು ನಾಗನ ಇಂಜಿನ್, ಇದು ಬಚ್ಚಣ್ಣನದ್ದು ಎಂದು ಹೇಳಿ ಬುಟ್ಟಿ ಎತ್ತಿಕೊಂಡು ಓಡುತ್ತಾರೆ. ಹೊಸ ಇಂಜಿನ್ ಸದ್ದು ಮಾಡುವುದಿಲ್ಲ ಎಂದು ಸ್ವಾತಿ ಮೇಡಂ ಸಭೆಯಲ್ಲಿ ಹೇಳಿದ್ದೇನೋ ನಿಜ. ಆದರೆ ಮದುವೆಯ ಮಾತುಕತೆಯಲ್ಲಿ ಹುಡುಗ ಭಾರಿ ಸೌಮ್ಯ ಎಂದರೆ ಯಾರು ನಂಬುತ್ತಾರೆ? ಸ್ವಲ್ಪವಾದರೂ ಗುರುಗುಟ್ಟದ ಇಂಜಿನ್ ಇರುವುದುಂಟೇ?

“ಸದ್ದ್ ಇಲ್ಲೆ ಅಂದ್ರೆ ಇಂಜಿನ್ ನಿಂತಿತ್ತ್” ಎಂದಳು ಜಲಜ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಎಲ್ಲರೂ ಹೂಂಗುಟ್ಟಿದರು.

“ನಿಂತದ್ದಲ್ಲ, ನಿಲ್ಸಿದ್ದ್” ಎಂದ ಪ್ರೇಮಾನಂದ. ಅಷ್ಟರಲ್ಲಿ ಜಿತೇಂದ್ರ ಬಂದದ್ದು ಕಂಡಿತು. ಜನ ಎರಡು ಪಾಲಾಗಿ ದಾರಿ ಬಿಟ್ಟರು.

“ಬಚ್ಚಣ್ಣನಿಗೆ ಫೋನ್ ಮಾಡಿ ಕೇಣಿ!” ಎಂದು ಜಿತೇಂದ್ರ ಕೂಗಿದ. ತಾನೇ ಮಾಡಿದ. ಫೋನು ಪ್ರೇಮಾನಂದನ ಅಂಗಿ ಜೇಬಿನಲ್ಲಿ ಹಾಡತೊಡಗಿತು. ಉಪ್ಪುನೀರು ತಾಗುತ್ತದೆಂದು ಬಚ್ಚಣ್ಣ ಅದನ್ನು ಇವನ ಹತ್ತಿರ ಕೊಟ್ಟು ಹೋಗಿದ್ದ. ಪ್ರೇಮಾನಂದ ಅದನ್ನು ತೆಗೆದು ನೋಡಿ, “ನಿಂದೇ ಫೋನ್ ಬತ್ತಾ ಇತ್ತ್” ಎಂದ.

ಜಿತೇಂದ್ರನ ಕಿವಿಯೂ ಅದೇ ದಂಡೆಯಲ್ಲಿ ಬೆಳೆದದ್ದು. ಅವನೂ ಕಿವಿಗೊಟ್ಟು ಕೇಳಿದ. ಗಾಳಿಯ ಸದ್ದು ಬಿಟ್ಟರೆ ಬೇರೇನಿಲ್ಲ. ಹೋಯಿತು, ಇಂಜಿನ್ ನಿಂತೇ ಹೋಯಿತು ಎಂದುಕೊಂಡ. ಸ್ವಾತಿ ಮೇಡಂ ಬಂದು ಇದನ್ನು ನೋಡಿದರೆ ಪರೀಕ್ಷೆ ಫೇಲು, ಸೀಟು ಇಲ್ಲ, ಮೇಲಿಂದ ಕಳ್ಳನ ಪಟ್ಟ. ಅವರು ಬರುವುದರೊಳಗೆ ದೋಣಿಯನ್ನು ದಡ ಸೇರಿಸಿಬಿಟ್ಟರೆ?

“ನಾನೇ ಹೋಯಿ ಎಳ್ಕಂಡ್ ಬತ್ತೆ” ಎಂದ. ರಿಪೇರಿಯಾದ ಇಂಜಿನ್ನುಗಳನ್ನು ಪರೀಕ್ಷಿಸಲು ಇಟ್ಟುಕೊಂಡಿದ್ದ ತನ್ನ ಸಣ್ಣ ದೋಣಿಯ ಕಡೆಗೆ ಓಡಿದವನು ತಟ್ಟನೆ ನಿಂತ. ಒಬ್ಬನೇ ಹೋದರೆ ಅಲ್ಲಿ ಏನೋ ಮುಚ್ಚಿಹಾಕಲು ಹೋದ ಎನ್ನುವುದಿಲ್ಲವೇ? “ಪ್ರೇಮಣ್ಣ, ನೀನೂ ಬಾ. ಸಾಕ್ಷಿಗೆ.”

“ನಾನಾ? ನಾನ್ ಚಾ ಮಾಡುವವ ಮಾರಾಯಾ, ನಂಗೆ ಕಡಲಂದ್ರೆ ವಾಂತಿ!”

ಆದರೆ ಸಾಕ್ಷಿ ಹೇಳುವುದೆಂದರೆ ಪ್ರೇಮಾನಂದನಿಗೆ ವಾಂತಿಗಿಂತ ದೊಡ್ಡ ಆಸೆ. ಜನರೇ ಅವನನ್ನು ಎತ್ತಿ ದೋಣಿಯಲ್ಲಿ ಕೂರಿಸಿದರು. ಜಿತೇಂದ್ರ ಪದ್ಧತಿಯಂತೆ ಮೊದಲು ಪೆಟ್ರೋಲಿನಲ್ಲಿ ಇಂಜಿನ್ ಚಾಲು ಮಾಡಿ, ಆಮೇಲೆ ಸೀಮೆಎಣ್ಣೆಗೆ ತಿರುಗಿಸಿದ. ದಂಡೆಯೆಲ್ಲ ಹೊಗೆ ಬಿಟ್ಟುಕೊಂಡು ದೋಣಿ ಗುಡುಗುತ್ತಾ ಹೋಯಿತು. ಆ ಗುಡುಗು ಕೇಳಿ ಹೆಂಗಸರಿಗೆ ಸ್ವಲ್ಪ ಸಮಾಧಾನವಾಯಿತು.

ಹತ್ತಿರವಾಗುತ್ತಿದ್ದಂತೆ ಬಚ್ಚಣ್ಣ ದೋಣಿಯಲ್ಲಿ ಎದ್ದುನಿಂತು ಎರಡೂ ಕೈ ಬೀಸತೊಡಗಿದ.

“ಬೇಗ ಬಾ ಅಂತಿದ!” ಎಂದು ಪ್ರೇಮಾನಂದ ಬೊಬ್ಬೆ ಹೊಡೆದ. “ಮುಳುಗ್ತಾ ಇಪ್ದ್ ಕಾಂತ್!”

ಜಿತೇಂದ್ರ ಪೂರ್ತಿ ಎಕ್ಸಿಲರೇಟರ್ ಕೊಟ್ಟ. ಬಚ್ಚಣ್ಣ ಇನ್ನೂ ಜೋರಾಗಿ ಕೈ ಬೀಸಿದ. ತಲೆಯ ಮುಂಡಾಸು ಬಿಚ್ಚಿ ಬೀಸಿದ. ಕೊನೆಗೆ ಅದನ್ನು ಇವರ ಕಡೆಗೆ ಎಸೆದೇಬಿಟ್ಟ. ಅಷ್ಟು ಹತ್ತಿರ ಬಂದ ಮೇಲೆ ಜಿತೇಂದ್ರನಿಗೆ ಕಂಡದ್ದು ಬೇರೆಯೇ. ದೋಣಿ ನಿಂತಿರಲಿಲ್ಲ. ಬೆಕ್ಕು ಅಡುಗೆಮನೆಯಲ್ಲಿ ಹೆಜ್ಜೆ ಇಡುವ ಹಾಗೆ ಮೆಲ್ಲಗೆ ಸುತ್ತು ಹಾಕುತ್ತಾ ಬಲೆ ಬಿಡುತ್ತಿತ್ತು. ಬಲೆಯ ನಡುವೆ ನೀರು ಕಪ್ಪಾಗಿತ್ತು. ಆ ಕಪ್ಪು ಪೂರಾ ಬಂಗ್ಡೆ ಮೀನಿನ ಹಿಂಡು.

ಜಿತೇಂದ್ರ ಗಾಬರಿಯಲ್ಲಿ ಇಂಜಿನನ್ನು ಗಕ್ಕನೆ ನಿಲ್ಲಿಸಿದ. ಅದಾಗಲೇ ತಡವಾಗಿತ್ತು. ಆ ಕಪ್ಪು ಒಮ್ಮೆ ಬೆಳ್ಳಿಯಂತೆ ಮಿಂಚಿ, ಬಲೆ ಇನ್ನೂ ಮುಚ್ಚದಿದ್ದ ಕಡೆಯಿಂದ ಜಾರಿ, ಪಡುವಣಕ್ಕೆ ಹೊರಟುಹೋಯಿತು.

ಆಮೇಲೆ ಬಚ್ಚಣ್ಣ ಮಾತಾಡಿದ. ಅವನು ಮೊದಲು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಕೊನೆಯ ಮಾತು ಇದು: “ಮೀನಿಗೂ ಗೊತ್ತಾಗ್ದೆ ನಾನ್ ಬಲೆ ಹಾಕಿದ್ದೆ. ಹುಟ್ಟಿದ್ ಮೇಲೆ ಇಷ್ಟ್ ಹತ್ರ ಬಂಗ್ಡೆ ಕಂಡದ್ದಿಲ್ಲೆ. ನಿನ್ನ ಯಾರ್ ಕರ್ದದ್ದ್ ಇಲ್ಲಿಗೆ?”

“ನಿಮ್ ಇಂಜಿನ್ ನಿಂತಿತ್ತ್ ಅಂದೇಳಿ…”

“ನಿಂತದ್ದ್ ನಿನ್ ತಲೆ!”

ಬೆಳಗಿನಿಂದ ಯಾವ ಅಪವಾದಕ್ಕೆ ಹೆದರಿ ಊರೂರು ಓಡಿದನೋ, ಆ ಕೆಲಸವನ್ನು ಜಿತೇಂದ್ರ ಈಗ ನಿಜವಾಗಿಯೂ ಮಾಡಿ ಮುಗಿಸಿದ್ದ, ಅದೂ ಸಾಕ್ಷಿ ಸಮೇತ. ಅವನಿಗೆ ಅಳು ಬಂತು. ಬೇಗ ಇಲ್ಲಿಂದ ಹೋಗಿಬಿಡೋಣ ಎಂದು ಇಂಜಿನ್ನಿನ ಹಗ್ಗ ಎಳೆದ. ಇಂಜಿನ್ ಕೆಮ್ಮಿತು. ಮತ್ತೆ ಎಳೆದ. ಕೆಮ್ಮೂ ಇಲ್ಲ.

ಆಗ ಅವನಿಗೆ ಹೊಳೆಯಿತು. ಸೀಮೆಎಣ್ಣೆ ಇಂಜಿನನ್ನು ನಿಲ್ಲಿಸುವ ಮುಂಚೆ ಸ್ವಲ್ಪ ಪೆಟ್ರೋಲಿನಲ್ಲಿ ಓಡಿಸಬೇಕು. ಇಲ್ಲವಾದರೆ ಪ್ಲಗ್ಗಿಗೆ ಎಣ್ಣೆ, ಮಸಿ ಹಿಡಿದು ಕೂರುತ್ತದೆ. ಇದನ್ನು ಮರೆತವರಿಗೆ ಅವನು ಶೆಡ್ಡಿನಲ್ಲಿ ನಿಲ್ಲಿಸಿ ಬೈದದ್ದು ಒಂದೆರಡು ಸಲವಲ್ಲ.

“ಪ್ಲಗ್ ಬಿಚ್ಚಿ ಒರ್ಸ್ರೆ ಆಯ್ತಲೆ?” ಎಂದು ಬಚ್ಚಣ್ಣನೇ ಕೇಳಿದ. “ಸ್ಪ್ಯಾನರ್ ಎಲ್ಲಿ?”

ಜಿತೇಂದ್ರ ಖಾಲಿ ಹೆಗಲು ತಡವಿಕೊಂಡ. ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡುತ್ತಿದ್ದ ಪ್ರೇಮಾನಂದ ಅಷ್ಟರಲ್ಲೇ ಬಿಡುವು ಮಾಡಿಕೊಂಡು ಹೇಳಿದ: “ಕೋಟೇಶ್ವರದಲ್ಲ್ ಇತ್ತ್.”

ಮೇಡಂ ಬೈಂದೂರಿನಿಂದ ಬರುವುದಕ್ಕೂ ಎರಡು ದೋಣಿಗಳು ದಡಕ್ಕೆ ಬರುವುದಕ್ಕೂ ಸರಿಹೋಯಿತು. ಮುಂದೆ ಬ್ಯಾಟರಿ ದೋಣಿ, ಹಿಂದೆ ಹಗ್ಗ ಕಟ್ಟಿಸಿಕೊಂಡು ಮೆಕ್ಯಾನಿಕ್ಕನ ದೋಣಿ. ಸದ್ದಿಲ್ಲದೆ ಬಂದದ್ದರಿಂದ ಹೆಂಗಸರು ತೀರ ಹತ್ತಿರ ಬರುವವರೆಗೂ ನೋಡಲಿಲ್ಲ. ನೋಡಿದ ಮೇಲೆ ನಗು ತಡೆಯಲಿಲ್ಲ. ಜಲಜ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಬೇರೆ ಕಡೆ ತಿರುಗಿದಳು. ಅದು ನಗುವೋ ಸಿಟ್ಟೋ ಜಿತೇಂದ್ರನಿಗೆ ಕೇಳುವ ಧೈರ್ಯವಾಗಲಿಲ್ಲ.

“ಇನ್ನೊಂದು ದೋಣಿಯನ್ನೂ ಎಳೆದು ತಂದಿತೇ!” ಎಂದು ಸ್ವಾತಿ ಮೇಡಂ ಹಿಗ್ಗಿಹೋದರು. ಬಚ್ಚಣ್ಣ ಹರಾಜು ಕಟ್ಟೆಯ ಮೇಲೆ ನಿಂತು, ಇಂಜಿನ್ ಎಂದರೆ ಇದು, ಇನ್ನು ತಾನು ಸೀಮೆಎಣ್ಣೆ ಮುಟ್ಟುವವನಲ್ಲ ಎಂದು ಸಾರಿದ. ಪರೀಕ್ಷೆ ಪಾಸು.

ಪಾಸು ಎಂದ ಕೂಡಲೇ ಜಿತೇಂದ್ರನಿಗೆ ಹೋದ ಜೀವ ಅರ್ಧ ಬಂತು. ಮೀನು ಹೋದರೆ ಹೋಯಿತು, ಸೀಟು ಉಂಟಲ್ಲ! ಅಷ್ಟರಲ್ಲಿ ನಾಗ ಅವನ ಶೆಡ್ಡಿನಿಂದ ತನ್ನ ಇಂಜಿನನ್ನು ಹೊತ್ತುಕೊಂಡು ಹೊರಗೆ ಬರುತ್ತಿದ್ದ.

“ಎಂತ ನಾಗ, ಅದ್ ಇನ್ನೂ ರೆಡಿ ಆಯ್ಲಿಲ್ಲೆ.”

“ಬ್ಯಾಡ ಜಿತಣ್ಣ. ತನ್ನದ್ದೇ ಇಂಜಿನ್ ನಡ್ಸುಕಾಗ್ದೆ ಎಳ್ಸ್ಕಂಡ್ ಬಂದವ ನಂದ್ ಎಂತ ರಿಪೇರಿ ಮಾಡ್ತ? ನಾನ್ ಗಂಗೊಳ್ಳಿಗ್ ತಕಂಡ್ ಹೋತೆ.”

ನಾಗನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ನೋಡನೋಡುತ್ತಿದ್ದಂತೆ ಶೆಡ್ಡು ಖಾಲಿಯಾಯಿತು. ಬೇರೆ ದಿನವಾಗಿದ್ದರೆ ಜಿತೇಂದ್ರ ಎದೆ ಬಡಿದುಕೊಳ್ಳುತ್ತಿದ್ದ. ಇವತ್ತು ಅವನಿಗೆ ಒಳಗೊಳಗೇ ಖುಷಿಯಾಯಿತು. ಕೆಲಸ ಹೋದವರಿಗೆ ತಾನೇ ಸೀಟು? ಅವನು ನೇರ ಸ್ವಾತಿ ಮೇಡಂ ಎದುರಿಗೆ ಹೋಗಿ ನಿಂತ.

“ಮೇಡಂ, ನೀವೇ ಕಾಣಿ. ನನ್ನ ಕೆಲ್ಸ ಪೂರಾ ಹೋಯ್ತ್.”

ಮೇಡಂಗೆ ನಿಜವಾಗಿಯೂ ಕನಿಕರವಾಯಿತು. “ಇವರೆಲ್ಲ ಬ್ಯಾಟರಿ ಇಂಜಿನ್ ತೆಗೆದುಕೊಳ್ಳುತ್ತಿದ್ದಾರೆಯೇ?”

“ಇಲ್ಲೆ ಮೇಡಂ” ಎಂದ ನಾಗ. “ನಮ್ದ್ ಚಿಮಣಿ ಎಣ್ಣೆಯೇ. ಮೆಕ್ಯಾನಿಕ್ ಮಾತ್ರ ಬೇರೆ.”

“ಮತ್ತೆ, ಬಚ್ಚಣ್ಣನವರ ಹಳೆಯ ಇಂಜಿನ್ ಇವರೇ ನೋಡುತ್ತಿದ್ದರಾ?”

“ಅದನ್ನ ನಾನ್ ಯಾರ್ ಕೈಗೂ ಕೊಟ್ಟವನಲ್ಲ” ಎಂದ ಬಚ್ಚಣ್ಣ ಹೆಮ್ಮೆಯಿಂದ. “ನಾನೇ ಮಾಡ್ಕಂತಿದ್ದೆ.”

ಸ್ವಾತಿ ಮೇಡಂ ಬಹಳ ಹೊತ್ತು ಯೋಚಿಸಿದರು. ಅವರದ್ದು ನ್ಯಾಯವಂತ ಮುಖ, ಅನ್ಯಾಯ ಮಾಡುವಾಗಲೂ ಬಾಡುವಂಥದ್ದು. “ಜಿತೇಂದ್ರ ಅವರೇ, ಸೀಟು ಇರುವುದು ಬ್ಯಾಟರಿಯಿಂದ ಕೆಲಸ ಹೋದವರಿಗೆ. ನಿಮ್ಮ ಕೆಲಸ ಹೋದದ್ದು ಸೀಮೆಎಣ್ಣೆ ಇಂಜಿನ್ನಿನಿಂದ. ಅದಕ್ಕೆ ನಮ್ಮಲ್ಲಿ ಯೋಜನೆ ಇಲ್ಲ.” ಆಮೇಲೆ ಸುತ್ತ ನೋಡಿ ಕೇಳಿದರು: “ಬ್ಯಾಟರಿಯಿಂದಲೇ ಕೆಲಸ ಹೋದವರು ಯಾರಾದರೂ ಇದ್ದಾರಾ?”

ಮರಳಿನ ಮೇಲೆ ಕುಳಿತು ಸೋಡಾ ಕುಡಿಯುತ್ತಿದ್ದ ಪ್ರೇಮಾನಂದ ಹುಳಿಮುಖದಲ್ಲೇ ಕೈ ಎತ್ತಿದ. “ಇನ್ಮೇಲೆ ಬಚ್ಚಣ್ಣನ ಎಣ್ಣೆ ಕ್ಯಾನ್ ತಕಂಡ್ ಬಪ್ಪ ಕೆಲ್ಸ ಇಲ್ಲೆ ಅಲ್ದಾ ಮೇಡಂ? ಹಂಗಾರೆ ನಂದ್ ಹೋಯ್ತ್.”

ಸೀಟು ಪ್ರೇಮಾನಂದನಿಗಾಯಿತು. ಪ್ಲಗ್ಗು ಯಾವುದು, ಮುಚ್ಚಳ ಯಾವುದು ಎಂದು ಗೊತ್ತಿಲ್ಲದ ಪ್ರೇಮಾನಂದನಿಗೆ! ದಂಡೆ ಚಪ್ಪಾಳೆ ತಟ್ಟಿತು. ಜಿತೇಂದ್ರ ಮೇಡಂ ಅವರ ಕಾರಿನವರೆಗೂ ಹಿಂದೆಯೇ ಹೋದ.

“ಹಂಗಾರೆ ನಾನೆಂತ ಮಾಡ್ಕ್ ಮೇಡಂ?”

“ನೀವು ಧೈರ್ಯಗೆಡಬೇಡಿ. ಮುಂದಿನ ವರ್ಷವೂ ಒಂದು ಸೀಟು ಬರುತ್ತದೆ. ಮೊದಲು ನಿಮ್ಮ ಕೆಲಸ ನಿಮಗೆ ವಾಪಸು ಸಿಗಬೇಕು. ಆಮೇಲೆ ಅದು ಬ್ಯಾಟರಿಯಿಂದಲೇ ಹೋಗಬೇಕು. ಹೋದ ಕೂಡಲೇ ನನಗೆ ಹೇಳಿ” ಎಂದು ಮೇಡಂ ಕಾರು ಹತ್ತಿದರು.

ಹೊತ್ತು ಇಳಿಯುವ ಮುಂಚೆ ಜಿತೇಂದ್ರ ದಂಡೆಯ ಮನೆಮನೆಗೂ ಹೋದ. ಇಂಜಿನ್ ಕೊಡಿ, ರಿಪೇರಿ ಮಾಡಿಕೊಡುತ್ತೇನೆ, ದುಡ್ಡು ಬೇಡವೇ ಬೇಡ ಎಂದು ಅಂಗಲಾಚಿದ. ನಾಗ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಒಳಗೆ ಹೋಗಿ ಹೆಂಡತಿಯ ಕಿವಿಯಲ್ಲಿ, “ಪುಕ್ಟಿ ಮಾಡ್ತ ಅಂಬ್ರ್. ಇದ್ರಲ್ಲ್ ಎಂತದೋ ಇತ್ತ್” ಎಂದ. ಕತ್ತಲಾಗುವಷ್ಟರಲ್ಲಿ ಆ ದಂಡೆಯ ಇಂಜಿನ್ನುಗಳೆಲ್ಲ ಮನೆಯೊಳಗೆ ಸೇರಿ, ಬಾಗಿಲುಗಳಿಗೆ ಚಿಲಕ ಬಿದ್ದಿತ್ತು.